ನಾಯಿಕೆಮ್ಮಿಗೂ ಮಿದುಳಿನ ಉರಿಯೂತಕ್ಕೂ ನಂಟಿದೆಯಾ?

ಪ್ರಶ್ನೆ: ನಮ್ಮ ಮಗುವಿಗೆ ಈಗ ಎರಡು ತಿಂಗಳು. ನಾಯಿಕೆಮ್ಮು ಬಂದರೆ ಮಿದುಳಿಗೆ ಉರಿಯೂತ ಆಗುತ್ತದೆ ಅಂತ ಓದಿದೆ. ಅದರ ಲಸಿಕೆಯಿಂದಲೂ ಹಾಗೇ ಆಗುತ್ತದೆ ಅಂತ ನೆಂಟರೊಬ್ಬರು ಹೇಳುತ್ತಿದ್ದಾರೆ. ನಾವು ಯಾವುದಕ್ಕೆ ಹೆದರಬೇಕು?

ಉತ್ತರ: ಕಾಯಿಲೆಗೆ ಹೆದರಿ. ಲಸಿಕೆಗೆ ಬೇಡ.

ನಾಯಿಕೆಮ್ಮಿನ ಬ್ಯಾಕ್ಟೀರಿಯಾ ಉಸಿರಿನ ಕೊಳವೆಗೆ ಅಂಟಿಕೊಂಡು ಅಲ್ಲೇ ವಿಷ ಬಿಡುತ್ತಾ ಕೂರುತ್ತದೆ. ಹಾಗಿದ್ದೂ ಕೆಲವು ಹಸುಗೂಸುಗಳಿಗೆ ಫಿಟ್ಸ್ ಬರುತ್ತದೆ. ಅಮೆರಿಕದ ಲೆಕ್ಕದಲ್ಲಿ, ಈ ಕೆಮ್ಮಿಗೆ ಆಸ್ಪತ್ರೆ ಸೇರಿದ ವರ್ಷದೊಳಗಿನ 50 ಮಕ್ಕಳಲ್ಲಿ ಸುಮಾರು ಒಂದಕ್ಕೆ ಹೀಗಾಗುತ್ತದೆ. ಮಿದುಳಿಗೇ ಪೆಟ್ಟು ಬೀಳುವುದು 100ಕ್ಕೆ ಒಂದಕ್ಕಿಂತ ಕಡಿಮೆ. ಅದಕ್ಕೆ ವೈದ್ಯರು ಮೊದಲು ಹೇಳುವ ಕಾರಣ, ಕೆಮ್ಮಿ ಕೆಮ್ಮಿ ಉಸಿರು ಕಟ್ಟಿ ಮಿದುಳಿಗೆ ಆಮ್ಲಜನಕ ಸಾಲದೆ ಹೋಗುವುದು.

ಮತ್ತೆ ಉರಿಯೂತದ ಮಾತು ಎಲ್ಲಿಂದ ಬಂತು? ಬಹುಪಾಲು ಪ್ರಯೋಗಾಲಯದ ಇಲಿಗಳಿಂದ. ನರದ ಹೊದಿಕೆಯನ್ನು ದೇಹವೇ ಹಾಳುಮಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆ ಇದೆ. ಅದನ್ನು ಅರಿಯಲು ವಿಜ್ಞಾನಿಗಳು ಇಲಿಗಳಲ್ಲಿ ಅಂಥದ್ದೇ ಉರಿಯೂತ ಎಬ್ಬಿಸುತ್ತಾರೆ. ಆ ಹೊದಿಕೆಯ ಪ್ರೋಟೀನನ್ನು ಚುಚ್ಚಿ, ಜೊತೆಗೆ ನಾಯಿಕೆಮ್ಮಿನ ವಿಷವನ್ನೂ ಚುಚ್ಚುತ್ತಾರೆ. ರೋಗನಿರೋಧಕ ಕಣಗಳು ಮಿದುಳಿನೊಳಗೆ ನುಗ್ಗಲು ಆ ವಿಷ ದಾರಿ ಮಾಡಿಕೊಡುತ್ತದೆ. ಆದರೆ ವಿಷವೊಂದನ್ನೇ ಕೊಟ್ಟರೆ ಆ ಕಾಯಿಲೆ ಹುಟ್ಟುವುದಿಲ್ಲ. ಬೇಕೆಂದೇ ಕಾಯಿಲೆ ಬರಿಸಿದ ಇಲಿಗೂ ಕೆಮ್ಮು ಬಂದ ಮಗುವಿಗೂ ತುಂಬಾ ವ್ಯತ್ಯಾಸ ಇದೆ, ಅಲ್ವಾ?

ಇನ್ನು ನಿಮ್ಮ ನೆಂಟರ ಮಾತು. ಈ ಭಯಕ್ಕೆ ಐವತ್ತು ವರ್ಷ ದಾಟಿದೆ. 1974ರಲ್ಲಿ ಲಂಡನ್ನಿನ ವೈದ್ಯರು, ಲಸಿಕೆ ಪಡೆದ ಮೇಲೆ ನರದ ತೊಂದರೆ ಕಾಣಿಸಿಕೊಂಡ 36 ಮಕ್ಕಳ ಬಗ್ಗೆ ಬರೆದರು. ಸುದ್ದಿ ಹಬ್ಬಿತು. ಬ್ರಿಟನ್ನಿನಲ್ಲಿ ಲಸಿಕೆ ಹಾಕಿಸುವವರು ನೂರಕ್ಕೆ ಎಂಬತ್ತರ ಹತ್ತಿರದಿಂದ ಮೂವತ್ತರ ಹತ್ತಿರಕ್ಕೆ ಇಳಿದರು. 1977ರಿಂದ 79ರ ನಡುವೆ ಅಲ್ಲಿ ಲಕ್ಷಕ್ಕೂ ಜಾಸ್ತಿ ಜನಕ್ಕೆ ನಾಯಿಕೆಮ್ಮು ಬಂತು. ಮಕ್ಕಳು ಸತ್ತರು. ಇದನ್ನು ನೆನೆದಾಗೆಲ್ಲ ನನಗೆ ಸಂಕಟವಾಗುತ್ತದೆ. ಯಾಕೆಂದರೆ ಆ ಅಪ್ಪ ಅಮ್ಮಂದಿರೂ ನಿಮ್ಮ ಹಾಗೆ ಮಗುವಿನ ಒಳಿತನ್ನೇ ಬಯಸಿದವರು.

2006ರಲ್ಲಿ ಆಸ್ಟ್ರೇಲಿಯಾದ ಸ್ಯಾಮ್ಯುಯೆಲ್ ಬರ್ಕೊವಿಚ್ ಅವರ ತಂಡ, ಲಸಿಕೆಯಿಂದಲೇ ಮಿದುಳು ಕೆಟ್ಟಿತೆಂದು ಹೇಳಲಾಗಿದ್ದ 14 ಜನರ ಜೀನ್ ಪರೀಕ್ಷಿಸಿತು. ಅವರಲ್ಲಿ 11 ಜನಕ್ಕೆ ಎಸ್‌ಸಿಎನ್1ಎ ಎಂಬ ಜೀನಿನಲ್ಲಿ ದೋಷವಿತ್ತು. ಡ್ರಾವೆ ಸಿಂಡ್ರೋಮ್ ಎಂಬ ಕಠಿಣ ಮೂರ್ಛೆರೋಗಕ್ಕೆ ಅದೇ ಮೂಲ. ಅದು ಮಗುವಿನ ಮೊದಲ ವರ್ಷದಲ್ಲಿ, ಎಷ್ಟೋ ಸಲ ಜ್ವರ ಬಂದಾಗ, ತಲೆ ಎತ್ತುತ್ತದೆ. ಲಸಿಕೆ ಹಾಕಿಸುವ ವಯಸ್ಸೂ ಅದೇ.

ಲಸಿಕೆ ಹಾಕಿಸಿದ ದಿನ ಜ್ವರ ಬರಬಹುದು, ಮಗು ರಚ್ಚೆ ಹಿಡಿಯಬಹುದು. ಅಪರೂಪಕ್ಕೆ ಜ್ವರದ ಜೊತೆ ಫಿಟ್ಸ್ ಕೂಡ ಬರುತ್ತದೆ. ಅದನ್ನು ಮುಚ್ಚಿಡಬಾರದು. ನಿಮ್ಮ ಮನೆಯಲ್ಲಿ ಯಾರಿಗಾದರೂ ಫಿಟ್ಸ್ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ.

ಈಗ ನಿಮ್ಮ ಮಗುವಿನ ಲಸಿಕೆ ಕಾರ್ಡ್ ತೆಗೆದು ನೋಡಿ. ನಾಯಿಕೆಮ್ಮಿನ ಲಸಿಕೆಯೂ ಸೇರಿರುವ ಪೆಂಟಾ ಲಸಿಕೆಯ ಮೊದಲ ಡೋಸ್ ಆರನೇ ವಾರಕ್ಕೇ ಆಗಬೇಕಿತ್ತು. ಆಗಿಲ್ಲದಿದ್ದರೆ ಈ ವಾರವೇ ಹಾಕಿಸಿ. ಆಮೇಲೆ 10 ಮತ್ತು 14ನೇ ವಾರದ ಡೋಸ್ ಯಾವಾಗ ಬರಬೇಕೆಂದು ಅಲ್ಲೇ ಕೇಳಿಕೊಂಡು ಬನ್ನಿ. ಕೆಮ್ಮು ಇರುವವರ ಕೈಗೆ ಮಗುವನ್ನು ಕೊಡಬೇಡಿ, ಅಜ್ಜಿಯೇ ಆಗಿರಲಿ. ಇಷ್ಟು ಚಿಕ್ಕ ಮಕ್ಕಳಲ್ಲಿ ಆ ಕೂಗುವಂಥ ಕೆಮ್ಮು ಕೇಳಿಸದೆಯೂ ಇರಬಹುದು. ಮಗು ಸುಮ್ನೆ ಉಸಿರು ನಿಲ್ಲಿಸುತ್ತದೆ, ತುಟಿ ನೀಲಿಯಾಗುತ್ತದೆ. ಹಾಗೆ ಕಂಡರೆ ನಡುರಾತ್ರಿಯಾದರೂ ಸರಿ, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಓಡಿ.