ಬೆಕ್ಕಿನ ಮೀಸೆ ಮತ್ತು ಆ ನಾಕು ಮಂದಿ

ಹೋದ ತಿಂಗಳು ಒಂದು ಭಾನುವಾರ ಮಗಳು ನನ್ನ ಮುಖಕ್ಕೆ ಬೆಕ್ಕಿನ ಮೀಸೆ ಬರೆದಳು. ಕಾಡಿಗೆ ಅವ್ವನದು, ಬೆರಳು ಮಗಳದು, ಮುಖ ನನ್ನದು. ಎರಡೂ ಕೆನ್ನೆಗೆ ಮೂರು ಮೂರು ಗೆರೆ, ಮೂಗಿನ ತುದಿಗೊಂದು ಕರಿ ಬೊಟ್ಟು. ಅರ್ಧ ಗಂಟೆ ಮನೆ ತುಂಬಾ ಮಿಯಾಂವ್ ಅಂತ ಓಡಾಡಿದೆ. ಆಮೇಲೆ ರೊಟ್ಟಿಗೆ ಹಿಟ್ಟಿಲ್ಲ ಅಂತ ಗೊತ್ತಾಗಿ, ಜೋಳದ ಚೀಲ ಸ್ಕೂಟರಿಗೆ ಇಟ್ಟುಕೊಂಡು ಗಿರಣಿಗೆ ಹೋದೆ. ಮೀಸೆ ಮರೆತೇಬಿಟ್ಟಿದ್ದೆ.

ಗಿರಣಿಯಲ್ಲಿ ಪಾಳಿ ಇತ್ತು. ಎಂಟು ಹತ್ತು ಜನ ಡಬ್ಬಿ, ಚೀಲ ಹಿಡಿದು ನಿಂತಿದ್ದರು. ಬೆಲ್ಟಿನ ಪಟಪಟ ಸದ್ದು, ಬಿಸಿ ಹಿಟ್ಟಿನ ವಾಸನೆ, ಹುಬ್ಬಿನ ತನಕ ಬೆಳ್ಳಗಾಗಿದ್ದ ಗಿರಣಿಯವರು. ಅವರು ಚೀಲ ತೂಗಿದರು, ಬೀಸಿದರು, ದುಡ್ಡು ತಗೊಂಡು ಚಿಲ್ಲರೆ ಕೊಟ್ಟರು. ಯಾರೂ ಏನೂ ಅನ್ನಲಿಲ್ಲ. ಕೊನೆಗೆ ಅಜ್ಜಿಯ ಸೆರಗು ಹಿಡಿದು ನಿಂತಿದ್ದ ಒಬ್ಬ ಸಣ್ಣ ಹುಡುಗ ನನ್ನ ಕಡೆ ಬೆರಳು ಮಾಡಿ ಕಿಸಕ್ಕನೆ ನಕ್ಕ. ಸ್ಕೂಟರಿನ ಕನ್ನಡಿಯಲ್ಲಿ ನೋಡಿಕೊಂಡೆ. ಕಿವಿ ಬಿಸಿಯಾಯಿತು.

ಮನೆಗೆ ಬಂದರೆ ಅವ್ವ ಬಾಗಿಲಲ್ಲೇ ಹಿಡಿದಳು. "ಹಿಂಗೇ ಹೋಗಿದ್ದೇನು? ನಾಕ ಮಂದಿ ನೋಡಿದ್ರ ಏನಂದಾರು?"

ಈ ನಾಕು ಮಂದಿಯ ಸುದ್ದಿ ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ, ಒಮ್ಮೆಯೂ ಭೇಟಿಯಾಗಿಲ್ಲ. 2011ರ ಜನಗಣತಿ ಲೆಕ್ಕದಲ್ಲೇ ಕಲಬುರಗಿ ಶಹರದಲ್ಲಿ ಐದು ಲಕ್ಷಕ್ಕಿಂತ ಜಾಸ್ತಿ ಜನ. ಅವರಲ್ಲಿ ಆ ನಾಲ್ವರು ಯಾವ ಓಣಿಯವರು? ಅಂಗಿ ಬಣ್ಣ ಜಾಸ್ತಿ ಆದರೂ ಅವರೇ ನೋಡಬೇಕು, ನಮ್ಮೂರಿನ ಅಪ್ಪನ ಕೆರೆ ದಂಡೆಯಲ್ಲಿ ಸುಮ್ನೆ ಒಂದು ಹಾಡು ಗುನುಗಿದರೂ ಅವರೇ ಕೇಳಬೇಕು.

ಈ ಮಂದಿಯನ್ನು ನಿಜಕ್ಕೂ ಎಣಿಸಲು ಹೋದವರಿದ್ದಾರೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಜೊತೆಗಾರರು 2000ದಲ್ಲಿ ಪ್ರಕಟಿಸಿದ ಪ್ರಯೋಗ ಅದು. ಒಬ್ಬ ವಿದ್ಯಾರ್ಥಿಗೆ ಬ್ಯಾರಿ ಮ್ಯಾನಿಲೋ ಎಂಬ ಗಾಯಕನ ದೊಡ್ಡ ಚಿತ್ರ ಇರುವ ಟೀ ಶರ್ಟ್ ಹಾಕಿಸುತ್ತಿದ್ದರು. ಆ ಕಾಲದ ಹುಡುಗರಿಗೆ ಆ ಗಾಯಕ ಅಂದರೆ ನಗೆಪಾಟಲು, ಹಾಕಿಕೊಳ್ಳಲು ನಾಚಿಕೆ. ಆಮೇಲೆ ಅವನನ್ನು ಬೇರೆ ವಿದ್ಯಾರ್ಥಿಗಳು ಕೂತಿದ್ದ ಕೋಣೆಗೆ ಕಳಿಸುತ್ತಿದ್ದರು. ಅವನು ಒಳಗೆ ಹೋಗಿ ಇನ್ನೇನು ಕೂರಬೇಕು ಅನ್ನುವಾಗ ಹೊರಗೆ ಕರೆದು ಕೇಳುತ್ತಿದ್ದರು: ನಿನ್ನ ಅಂಗಿ ಮೇಲೆ ಯಾರಿದ್ದಾರೆ ಅಂತ ಎಷ್ಟು ಜನ ಹೇಳಬಲ್ಲರು?

ಸುಮಾರು ಅರ್ಧದಷ್ಟು ಜನ ಅಂತ ಅಂದಾಜು ಬಂತು. ನಿಜಕ್ಕೂ ಹೇಳಿದವರು ಕಾಲು ಭಾಗದಷ್ಟು. ಅವ್ವನ ಲೆಕ್ಕಕ್ಕೆ ಇಳಿಸಿದರೆ ಹೀಗೆ: ನಾಕು ಮಂದಿಯಲ್ಲಿ ಇಬ್ಬರು ನೋಡಿದರು ಅಂತ ನಾವು ಬೆವರುತ್ತೇವೆ, ನೋಡಿದವರು ಒಬ್ಬರೇ. ಗಿರಣಿಯಲ್ಲಿ ಆ ಒಬ್ಬ ಅಜ್ಜಿಯ ಸೆರಗು ಹಿಡಿದಿದ್ದ.

ಇದಕ್ಕೆ ಸ್ಪಾಟ್‌ಲೈಟ್ ಎಫೆಕ್ಟ್ ಅಂತ ಹೆಸರು. ನಾಟಕದ ಕಂಪನಿಯವರು ಒಬ್ಬರ ಮೇಲೇ ಬಿಡುವ ಬೆಳಕು ನಮ್ಮ ಮೇಲೇ ಬಿದ್ದಿದೆ ಅನ್ನುವ ಭ್ರಮೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಅವನದೂ ಇದೇ ಕಥೆ. ಹೆಗಲ ಮೇಲಿನ ಬೂದಿ ಅವನ ಮನಸ್ಸಿನಲ್ಲಿ ಅಷ್ಟು ದೊಡ್ಡದಾಗಿ ಕೂತಿದೆ. ಎಲ್ಲರಿಗೂ ನನ್ನಷ್ಟು ಕಾಣಲಿಕ್ಕಿಲ್ಲ ಅಂತ ಲೆಕ್ಕ ಸ್ವಲ್ಪ ಇಳಿಸುತ್ತೇವೆ ನಿಜ. ಆದರೆ ಇಳಿಸಬೇಕಾದಷ್ಟು ಇಳಿಸುವುದಿಲ್ಲ.

ಇದೇ ಸಂಶೋಧಕರ ಇನ್ನೊಂದು ಪ್ರಯೋಗ ನನಗೆ ಜಾಸ್ತಿ ಇಷ್ಟ. ಈ ಸಲ ನಾಚಿಕೆಯ ಅಂಗಿ ಅಲ್ಲ. ಬಾಬ್ ಮಾರ್ಲಿ, ಮಾರ್ಟಿನ್ ಲೂಥರ್ ಕಿಂಗ್ ಥರದವರಲ್ಲಿ ತಮಗೆ ಬೇಕಾದವರ ಚಿತ್ರ, ಹೆಮ್ಮೆಯಿಂದ ಹಾಕುವಂಥದ್ದು. ಆಗಲೂ ಅಂದಾಜು ಸುಮಾರು ಅರ್ಧ. ಗುರುತಿಸಿದವರು ಹತ್ತರಲ್ಲಿ ಒಬ್ಬರೂ ಇಲ್ಲ! ಮದುವೆಗೆ ಹೊಸ ಇಳಕಲ್ ಸೀರೆ ಉಟ್ಟು ಹೋದವರಿಗೆ ಇದು ಬೇಜಾರಿನ ಸುದ್ದಿ. ಮತ್ತೊಂದು ಸಲ, ಅಂಗಿ ಹಾಕಿಕೊಂಡು ಸ್ವಲ್ಪ ಹೊತ್ತು ಅಭ್ಯಾಸ ಆದಮೇಲೆ ಒಳಗೆ ಕಳಿಸಿದರು. ಅಂದಾಜು ಇಳಿಯಿತು. ಅಂಗಿ ಅದೇ, ಅದರ ಮೇಲಿನ ತಮ್ಮ ಕಣ್ಣು ಮಾತ್ರ ಸಡಿಲಾಗಿತ್ತು.

ಆದರೆ ಒಂದು ಮಾತು. ಆ ಕೋಣೆ ಬೇರೆ, ನಮ್ಮ ಓಣಿ ಬೇರೆ. ಅಲ್ಲಿ ಬಾಗಿಲು ದಾಟಿದರೆ ಅಂಗಿಯ ಕಥೆ ಮುಗಿಯಿತು. ಇಲ್ಲಿ ಕಟ್ಟೆ ಮೇಲೆ ಕೂತ ಆ ಒಬ್ಬರೇ ಸಂಜೆಯೊಳಗೆ ಮೂವತ್ತು ಮನೆಗೆ ಸುದ್ದಿ ಮುಟ್ಟಿಸಬಲ್ಲರು. ನಾನು ಮೀಸೆ ಬರೆದುಕೊಂಡು ತಿರುಗಿದರೆ ತಮಾಷೆ. ನಮ್ಮ ಓಣಿಯ ಹದಿನೆಂಟರ ಹುಡುಗಿ ತಿರುಗಿದರೆ ಮಾತು ಬೇರೆ ಕಡೆ ಹೋಗುತ್ತದೆ. ಪ್ರಯೋಗ ಎಣಿಸಿದ್ದು ಕಣ್ಣುಗಳನ್ನು, ನಾಲಿಗೆಗಳನ್ನಲ್ಲ.

ಹಾಗಾಗಿ ಈ ಅಂಜಿಕೆಯನ್ನು ಪೂರ್ತಿ ಹುಚ್ಚು ಅನ್ನಲಾರೆ. ಸಣ್ಣ ಸಣ್ಣ ಗುಂಪಿನಲ್ಲಿ ಬದುಕಿದ ಮನುಷ್ಯನಿಗೆ ಗುಂಪು ಕೈಬಿಟ್ಟರೆ ಅನ್ನವೂ ಇಲ್ಲ, ಕಾವಲೂ ಇಲ್ಲ. 2003ರಲ್ಲಿ ನವೋಮಿ ಐಸೆನ್‌ಬರ್ಗರ್ ಮತ್ತಿತರರು ಜನರನ್ನು ಮೆದುಳಿನ ಚಟುವಟಿಕೆ ತೋರಿಸುವ ಸ್ಕ್ಯಾನರ್ ಒಳಗೆ ಮಲಗಿಸಿ ಕಂಪ್ಯೂಟರಿನಲ್ಲಿ ಚೆಂಡಾಟ ಆಡಿಸಿದರು. ಸ್ವಲ್ಪ ಹೊತ್ತಿನ ಮೇಲೆ ಉಳಿದಿಬ್ಬರು ಅವರಿಗೆ ಚೆಂಡು ಎಸೆಯುವುದನ್ನೇ ಬಿಟ್ಟರು. ಅಷ್ಟಕ್ಕೇ, ಮೈಗೆ ನೋವಾದಾಗಲೂ ಚುರುಕಾಗುವ ಮೆದುಳಿನ ಒಂದು ಭಾಗ ಚುರುಕಾಯಿತು. ಅದು ನೋವಿನ ಥರದ್ದೇ ಹೌದಾ ಅನ್ನುವ ವಾದ ವಿಜ್ಞಾನಿಗಳಲ್ಲಿ ಇನ್ನೂ ಇದೆ. ಆಟಕ್ಕೆ ಸೇರಿಸಿಕೊಳ್ಳದ ದಿನ ಹೇಗಿತ್ತು ಅಂತ ಮಾತ್ರ ನಮಗೆಲ್ಲ ಗೊತ್ತು, ಅಲ್ವಾ?

ಇನ್ನು ಇಲಿ. ಇಲಿಗೆ ಕಚಗುಳಿ ಇಟ್ಟರೆ ನಗುತ್ತದೆ ಅಂತ ತೋರಿಸಿದವರು ಯಾಕ್ ಪ್ಯಾಂಕ್‌ಸೆಪ್ ಎಂಬ ವಿಜ್ಞಾನಿ. ಆ ನಗು ಸುಮಾರು 50 ಕಿಲೋಹರ್ಟ್ಜ್‌ನ ಚಿಲಿಪಿಲಿ. ನಮ್ಮ ಕಿವಿ ಹೆಚ್ಚೆಂದರೆ 20ರ ತನಕ ಕೇಳುತ್ತದೆ, ಅದಕ್ಕೇ ಬೇರೆ ಮೈಕ್ ಬೇಕು. 2016ರಲ್ಲಿ ಬರ್ಲಿನ್ನಿನ ಶಿಂಪೇ ಇಶಿಯಾಮಾ ಮತ್ತು ಮೈಕೆಲ್ ಬ್ರೆಕ್ಟ್ ಇಲಿಗಳ ಮೆದುಳಿಗೆ ತಂತಿ ಜೋಡಿಸಿ ಕಚಗುಳಿ ಇಟ್ಟರು. ಇಲಿಗಳು ಚಿಲಿಪಿಲಿ ಅಂದವು, ಖುಷಿಗೆ ಕುಪ್ಪಳಿಸಿದವು, ಇನ್ನೂ ಬೇಕು ಅಂತ ಕೈಯ ಹಿಂದೆ ಓಡಿಬಂದವು. ಆಮೇಲೆ ಅದೇ ಇಲಿಯನ್ನು ಎತ್ತರದ ಸಣ್ಣ ಕಟ್ಟೆಯ ಮೇಲೆ ನಿಲ್ಲಿಸಿ, ಜೋರು ಬೆಳಕು ಬಿಟ್ಟು, ಮತ್ತೆ ಕಚಗುಳಿ ಇಟ್ಟರು. ಕೈ ಅದೇ, ಹೊಟ್ಟೆ ಅದೇ. ನಗು ಅಡಗಿತು. ಮೆದುಳಿನ ಜೀವಕೋಶಗಳೂ ಮೊದಲಿನಂತೆ ಮಿಡಿಯಲಿಲ್ಲ.

ಎತ್ತರದ ಕಟ್ಟೆ, ಮೇಲೆ ಜೋರು ಬೆಳಕು. ಓದುವಾಗ ನನಗೆ ಶಾಲೆಯ ಸ್ಟೇಜ್ ನೆನಪಾಯಿತು. ಹಾಡು ಬರುತ್ತಿತ್ತು, ಬಾಯಿ ಬರಲಿಲ್ಲ.

ಹಾಡುವವರ ಮೆದುಳಿನ ಕಥೆಯೂ ಒಂದಿದೆ, ಚಿಕ್ಕದು. 2008ರಲ್ಲಿ ಚಾರ್ಲ್ಸ್ ಲಿಂಬ್ ಮತ್ತು ಅಲೆನ್ ಬ್ರೌನ್ ಆರು ಜನ ಜಾಝ್ ಪಿಯಾನೋ ಕಲಾವಿದರಿಗೆ ಸ್ಕ್ಯಾನರ್ ಒಳಗೇ ಸಣ್ಣ ಕೀಬೋರ್ಡ್ ಕೊಟ್ಟು ನುಡಿಸಲು ಹೇಳಿದರು. ಬಾಯಿಪಾಠ ಬಿಟ್ಟು ಮನಸ್ಸಿಗೆ ಬಂದಂತೆ ನುಡಿಸುವಾಗ, ನಮ್ಮ ನಡತೆಯನ್ನು ತಿದ್ದುತ್ತಾ ಕಾವಲು ಕಾಯುವ ಮುಂಮೆದುಳಿನ ಪಕ್ಕದ ಭಾಗ ತಣ್ಣಗಾಯಿತು. ನಡುವಿನ ಒಂದು ಭಾಗ ಚುರುಕಾಯಿತು. ಆರೇ ಜನ, ಅದರ ಮೇಲೆ ಮನೆ ಕಟ್ಟುವ ಹಾಗಿಲ್ಲ. ಆದರೂ ನಮ್ಮ ಕಡೆ ಅಮಾವಾಸ್ಯೆ ರಾತ್ರಿ ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುತ್ತಾ ಕಣ್ಣು ಮುಚ್ಚಿ ಏಕತಾರಿ ಮೀಟುವವರನ್ನು ನೋಡಿದಾಗೆಲ್ಲ ಈ ಸ್ಕ್ಯಾನ್ ನೆನಪಾಗುತ್ತದೆ. ಅವರಿಗೆ ಎದುರಿಗೆ ನಾಲ್ಕು ಜನ ಕೂತರೂ ಅಷ್ಟೇ, ನಾನೂರು ಜನ ಕೂತರೂ ಅಷ್ಟೇ.

ಅವ್ವನಿಗೆ ಇದೆಲ್ಲ ಹೇಳಿದೆ. ಇಲಿಯ ನಗು ಕೇಳಿ ನಕ್ಕಳು, ಟೀ ಶರ್ಟಿನ ಲೆಕ್ಕಕ್ಕೆ "ಹ್ಞೂಂ" ಅಂದಳು. ಅಷ್ಟರಲ್ಲಿ ನಾಗರ ಪಂಚಮಿ ಬಂತು. ಹಿತ್ತಲ ಬೇವಿನ ಮರಕ್ಕೆ ಹಗ್ಗ ಬಿಗಿದು ಜೋಕಾಲಿ ಕಟ್ಟಿದೆವು. ಮಗಳು ಆಡಿದಳು, ಹೆಂಡತಿ ಆಡಿದಳು. ಎಲ್ಲರದೂ ಮುಗಿದ ಮೇಲೆ ಅವ್ವ ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಗಿಸಿ ಬಂದು ಕೂತಳು. ಅರವತ್ತೆಂಟು ವಯಸ್ಸು. ನಾನು ಮೆಲ್ಲಗೆ ತೂಗಿದೆ. ಗೋಡೆಯಾಚೆ ಪಕ್ಕದ ಮನೆಯವರೆಲ್ಲ ಮಾಳಿಗೆ ಹತ್ತಿ ನಿಂತಿದ್ದರು.

"ಅವ್ವಾ, ನಾಕ ಮಂದಿ ನೋಡ್ಲಕತ್ತಾರ," ಅಂದೆ.

"ನೋಡ್ಲಿ ಬಿಡು," ಅಂದಳು. "ನೀ ಜೋರ್ಲೆ ದಬ್ಬು."