ಅಣ್ಣನ ಹೆಸರಿಗೆ ಖಾತೆಯಾದರೆ ನನ್ನ ಪಾಲು ಹೋಗುತ್ತದೆಯೇ?

ಪ್ರಶ್ನೆ: ನಾನು ಮದುವೆಯಾಗಿ ಹೋದ ಮಗಳು. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಎರಡು ಎಕರೆ ಹತ್ತು ಗುಂಟೆ ಜಮೀನಿದೆ. ಅಣ್ಣ ಈಗ ಪೌತಿ ಖಾತೆಗೆ (ತೀರಿಹೋದವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಲು) ಅರ್ಜಿ ಹಾಕಿದ್ದಾನೆ. ಪಹಣಿಯಲ್ಲಿ ಅವನೊಬ್ಬನ ಹೆಸರೇ ಬಂದರೆ ನನ್ನ ಪಾಲು ಹೋದಂತೆಯೇ?

ಹೋಗುವುದಿಲ್ಲ. ಆದರೆ ಸುಮ್ಮನೆ ಕೂರಬೇಡಿ.

ಪಹಣಿ ಕಂದಾಯದ ದಾಖಲೆ, ಹಕ್ಕುಪತ್ರವಲ್ಲ. ಅದರಲ್ಲಿ ಬರೆದದ್ದು ತಪ್ಪೆಂದು ಸಾಬೀತಾಗುವವರೆಗೆ ಸರಿ ಎಂದಷ್ಟೇ 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಹೇಳುತ್ತದೆ. ಜಮೀನು ಯಾರದೆಂದು ತೀರ್ಮಾನಿಸುವುದು ಸಿವಿಲ್ ಕೋರ್ಟು. ಹಿಂದೂ ಉತ್ತರಾಧಿಕಾರ ಕಾಯ್ದೆ ನಿಮಗೆ ಅನ್ವಯಿಸುವುದಾದರೆ, ಅಪ್ಪ ಉಯಿಲು ಬರೆಯದೆ ಹೋದಾಗ ಅವರ ಪಾಲಿಗೆ ಅಮ್ಮ, ಅಣ್ಣ, ನೀವು ಸಮಾನ ವಾರಸುದಾರರು. ಪಿತ್ರಾರ್ಜಿತ ಜಮೀನಾದರೆ ನಿಮಗೆ ಹುಟ್ಟಿನಿಂದಲೇ ಹಕ್ಕು. ಹೆಣ್ಣುಮಕ್ಕಳಿಗೂ ಈ ಹಕ್ಕು ಕೊಟ್ಟ ಕರ್ನಾಟಕದ 1994ರ ತಿದ್ದುಪಡಿ ಅದಕ್ಕೂ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿಯಲ್ಲಿ ಆ ಭೇದವಿಲ್ಲ. ‘ಮದುವೆಗೆ ಖರ್ಚು ಮಾಡಿದ್ದೇವಲ್ಲ’ ಎಂಬ ಮಾತು ಪಾಲನ್ನು ಕಳೆಯುವುದಿಲ್ಲ.

ಅರ್ಜಿಯ ಜೊತೆ ಕೊಟ್ಟಿರುವ ವಂಶವೃಕ್ಷವನ್ನು ಮೊದಲು ನೋಡಿ. ಹೆಣ್ಣುಮಕ್ಕಳ ಹೆಸರು ಸದ್ದಿಲ್ಲದೆ ಬಿಟ್ಟುಹೋಗುವುದು ಅಲ್ಲೇ. ನಿಮ್ಮ ಹೆಸರಿಲ್ಲದಿದ್ದರೆ, ಅರ್ಜಿಯ ಮೇಲೆ ಹೊರಡಿಸುವ ನೋಟಿಸಿನಲ್ಲಿ ಕೊಟ್ಟ ಅವಧಿಯೊಳಗೆ ತಹಶೀಲ್ದಾರರಿಗೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ಹಬ್ಬಕ್ಕೆ ತವರಿಗೆ ಹೋದಾಗ, ಊಟವಾದ ಮೇಲೆ, ‘ಒಂದು ಸಹಿ ಹಾಕಮ್ಮ, ಖಾತೆಗೆ ಬೇಕಂತೆ’ ಎಂದು ಕಾಗದ ಮುಂದಿಟ್ಟರೆ ಓದದೆ ಸಹಿ ಮಾಡಬೇಡಿ. ಅದು ಒಪ್ಪಿಗೆ ಹೇಳಿಕೆಯೂ ಆಗಿರಬಹುದು, ಹಕ್ಕು ಬಿಡುಗಡೆ ಪತ್ರವೂ ಆಗಿರಬಹುದು. ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದರಂತೂ ಪತ್ರದ ಪ್ರತಿ ಸಾಲನ್ನೂ ಓದಿಸಿಕೊಳ್ಳಿ. ಅಣ್ಣನ ಮೇಲಿನ ಪ್ರೀತಿಗೂ ಈ ಎಚ್ಚರಕ್ಕೂ ವೈರವಿಲ್ಲ.

ಖಾತೆ ಆಗಿಹೋಗಿದ್ದರೆ? ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರಿರುತ್ತದೆ, 10ರಲ್ಲಿ ಅದು ಹೇಗೆ ಬಂತೆಂಬ ವಿವರ ಮತ್ತು ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್, ಅಂದರೆ ಖಾತೆ ಬದಲಾವಣೆಯ ಪುಸ್ತಕ) ಸಂಖ್ಯೆ. ಆ ಸಂಖ್ಯೆ ಹಿಡಿದು ಮ್ಯುಟೇಷನ್ ಪ್ರತಿ ತೆಗೆಸಿ. ಆದೇಶ ತಿಳಿದ 60 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಪಾಲಿಗಾಗಿ ವಿಭಾಗ ದಾವೆ ಬೇರೆಯೇ ಹಾಕಬೇಕು. ಅಣ್ಣ ಮಾರುವ ಸೂಚನೆ ಕಂಡರೆ ಜೊತೆಗೇ ತಾತ್ಕಾಲಿಕ ತಡೆಯಾಜ್ಞೆ ಕೇಳಿ.

ವಕೀಲರ ಫೀಸಿಗೆ ಹೆದರಬೇಡಿ. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇರುತ್ತದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಹೋಗುವಾಗ ಪಹಣಿ, ಅಪ್ಪನ ಮರಣ ಪ್ರಮಾಣಪತ್ರ, ಆಧಾರ್ ಜೊತೆಗಿರಲಿ.