ಕುರಿ ಕಾಯುವವರ ಹಾಡಿಗೆ ಆರ್ಕೆಸ್ಟ್ರಾ ಯಾಕೆ ಬೇಕಾಯ್ತು?

ಫ್ರಾನ್ಸಿನ ಓವೆರ್ನ್ ಬೆಟ್ಟಸೀಮೆಯಲ್ಲಿ ದನ, ಕುರಿ ಕಾಯುವವರು ಹಾಡುತ್ತಿದ್ದ ಹಾಡುಗಳಿವೆ. ಹೊರಗಿನವರು ಇವತ್ತು ಅವನ್ನು ಕೇಳುವುದು ಹೆಚ್ಚಾಗಿ ಒಪೆರಾ ಗಾಯಕಿಯರ ದನಿಯಲ್ಲಿ, ಇಡೀ ಆರ್ಕೆಸ್ಟ್ರಾ ಜೊತೆಗೆ. ಹೀಗೆ ಮಾಡಿಕೊಟ್ಟವರು ಫ್ರೆಂಚ್ ಸಂಗೀತ ಸಂಯೋಜಕ ಜೋಸೆಫ್ ಕಾಂತಲೂಬ್ (1879–1957). ಇದು ಸರಿಯಾ, ತಪ್ಪಾ ಅನ್ನುವ ವಾದವೂ ಆಗಿನಿಂದ ಜೊತೆಗೇ ಬಂದಿದೆ.

ಹಾಡು ಕೂಡಿಡುವ ಕೆಲಸ ಅವರಿಗಿಂತ ಹಳೆಯದು. 1852ರಲ್ಲೇ ಲೂಯಿ ನೆಪೋಲಿಯನ್ ಸರ್ಕಾರ ದೇಶದ ಜನಪದ ಹಾಡುಗಳನ್ನೆಲ್ಲ ಸಂಗ್ರಹಿಸಲು ಆದೇಶ ಹೊರಡಿಸಿತ್ತು. ಹಾಡುಗಳು ರಾಶಿ ರಾಶಿ ಬಂದವು, ಅಂದುಕೊಂಡ ಪುಸ್ತಕ ಮಾತ್ರ ಬರಲಿಲ್ಲ. ಸರ್ಕಾರಿ ಕೆಲಸ, ಅಲ್ವಾ? 1886ರಲ್ಲಿ ಸಂಯೋಜಕ ವ್ಯಾನ್ಸಾಂ ದಾಂದಿ ದಕ್ಷಿಣ ಫ್ರಾನ್ಸಿನ ಸೆವೆನ್ (Cévennes) ಬೆಟ್ಟಸಾಲಿನ ಒಂದು ಹಾಡು ಹಿಡಿದು, ಆರ್ಕೆಸ್ಟ್ರಾ ನುಡಿಸುವ ಪೂರ್ತಿ ಸಿಂಫನಿಯನ್ನೇ ಬರೆದರು. ಮುಂದೆ ಅವರು ಗೆಳೆಯರೊಂದಿಗೆ ಪ್ಯಾರಿಸ್‌ನಲ್ಲಿ ಸ್ಕೋಲಾ ಕಾಂಟೋರಮ್ ಅನ್ನುವ ಸಂಗೀತ ಶಾಲೆ ಕಟ್ಟಿದರು. ಕಾಂತಲೂಬ್ ಕಲಿತದ್ದು ಅಲ್ಲೇ.

ಕಾಂತಲೂಬ್ ಅವರ ವಾದ ಸರಳ. ರೈತ ಬಯಲಲ್ಲಿ ಹಾಡುವಾಗ ಅವನು ಒಂಟಿಯಲ್ಲ, ಸುತ್ತಲಿನ ಬೆಟ್ಟ, ಗಾಳಿ, ಬಯಲೇ ಅವನ ಪಕ್ಕವಾದ್ಯ. ಬರೀ ರಾಗ ಬರೆದುಕೊಂಡು ಬಂದರೆ ಅದೆಲ್ಲ ಅಲ್ಲೇ ಉಳಿಯುತ್ತದೆ. ಅದನ್ನು ತುಂಬಿಕೊಡೋಕೇ ಆರ್ಕೆಸ್ಟ್ರಾ.

ಅವರು ಕೂರಿಸಿದ 'ಬಾಯ್ಲೇರೊ' ಹಾಡು ಕೇಳಿದರೆ ಮಾತು ಅರ್ಥವಾಗುತ್ತದೆ. ಹೊಳೆಯ ಆಚೆ ಈಚೆ ನಿಂತ ಇಬ್ಬರು ಕುರಿ ಕಾಯುವವರು ಒಬ್ಬರನ್ನೊಬ್ಬರು ಕೂಗಿ ಮಾತಾಡುತ್ತಾರೆ. ಆರ್ಕೆಸ್ಟ್ರಾದಲ್ಲಿ ತಂತಿವಾದ್ಯಗಳೂ ಪಿಯಾನೊವೂ ಸಣ್ಣಗೆ ಮಿನುಗುತ್ತಿರುತ್ತವೆ. ಗಾಯಕಿ ಸ್ವರವನ್ನು ಎಳೆದು ನಿಲ್ಲಿಸುತ್ತಾಳೆ, ಉತ್ತರ ಬರಲಿ ಅಂತ ಕಾದ ಹಾಗೆ. ಬೂರೆ ಅನ್ನುವ ಮೂರೆಣಿಕೆಯ ಕುಣಿತದ ಹಾಡುಗಳಲ್ಲಿ ನಡುನಡುವೆ ಓಬೊ, ಕ್ಲಾರಿನೆಟ್ ಅನ್ನುವ ಊದುವ ವಾದ್ಯಗಳು ಒಂಟಿಯಾಗಿ ನುಡಿಯುತ್ತವೆ. ಊರಲ್ಲಿ ಆ ಜಾಗದಲ್ಲಿ ಕಬ್ರೆತ್ ಅನ್ನುವ ಚೀಲವಾದ್ಯ ಇರುತ್ತಿತ್ತು.

ನನ್ನ ಕೇಳಿದರೆ, ಇದು ಓವೆರ್ನ್ ಹಳ್ಳಿಯ ಸದ್ದಲ್ಲ. ಪ್ಯಾರಿಸ್‌ನಲ್ಲಿ ಕೂತವನೊಬ್ಬನ ಊರಿನ ನೆನಪು. ಹಾಗೆ ಕೇಳಿದರೆ ತಕರಾರಿಲ್ಲ. ದಾಖಲೆ ಅಂತ ಕೇಳಿದರೆ ಮಾತ್ರ ಮೋಸ. ಕೆಲವು ಕಡೆ ಸಕ್ಕರೆ ಜಾಸ್ತಿ ಆಗಿರುವುದೂ ನಿಜ.

ಇನ್ನೊಂದು ವಿಚಿತ್ರ ನೋಡಿ. ಈ ಹಾಡುಗಳ ಭಾಷೆ ಫ್ರೆಂಚ್ ಅಲ್ಲ, ದಕ್ಷಿಣ ಫ್ರಾನ್ಸಿನ ಆಡುಭಾಷೆ ಆಕ್ಸಿಟಾನ್. ಶಾಲೆಯಲ್ಲಿ ಅದನ್ನಾಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿದ್ದ ಕಾಲ ಅದು. ಅದೇ ಭಾಷೆ ಪ್ಯಾರಿಸ್‌ನ ಕಛೇರಿ ವೇದಿಕೆ ಏರಿತು. 1930ರಲ್ಲಿ ಗಾಯಕಿ ಮಡ್ಲೆನ್ ಗ್ರೇ ದನಿಯಲ್ಲಿ ಗ್ರಾಮಫೋನ್ ತಟ್ಟೆಗಳೂ ಬಂದವು. ಹಳ್ಳಿಯ ಮೇಲಿನ ಈ ಪ್ರೀತಿಗೆ ರಾಜಕೀಯದ ನಂಟೂ ಇತ್ತು: ಎರಡನೇ ಮಹಾಯುದ್ಧದ ಕಾಲದಲ್ಲಿ ಕಾಂತಲೂಬ್, ನಾಜಿ ಜರ್ಮನಿಯ ಜೊತೆ ಕೈಜೋಡಿಸಿದ್ದ ಫ್ರಾನ್ಸಿನ ವಿಶಿ ಸರ್ಕಾರದ ಜೊತೆ ನಿಂತರು. ಮಣ್ಣು, ರೈತ, ಹಳೇ ಪದ್ಧತಿ ಅಂತ ಆ ಸರ್ಕಾರವೂ ಹೇಳುತ್ತಿತ್ತಲ್ಲ.

1964ರಲ್ಲಿ ಇಟಲಿಯ ಸಂಯೋಜಕ ಲುಚಾನೊ ಬೇರಿಯೊ ಕಾಂತಲೂಬ್ ಅವರ ಇದೇ ಹಾಡುಗಳಿಂದ ಎರಡನ್ನು ತೆಗೆದುಕೊಂಡು, ಗಾಯಕಿ ಕ್ಯಾಥಿ ಬರ್ಬೇರಿಯನ್ ದನಿಗೆ ಬರೀ ಏಳು ವಾದ್ಯಗಾರರನ್ನು ಇಟ್ಟು ಬೇರೆ ಥರ ಕೂರಿಸಿದರು. ಆರ್ಕೆಸ್ಟ್ರಾದ ಭಾರ ಇಳಿಯಿತು ಅಂತ ಅಂದುಕೊಳ್ಳುವಷ್ಟರಲ್ಲಿ, 1973ರಲ್ಲಿ ಅವರೇ ಅದನ್ನು ಆರ್ಕೆಸ್ಟ್ರಾಗೂ ಬರೆದರು.